ಚೆಂಡು ಕಳ್ಕೊಂಡ ಮೇಲೆ ಏನ್ಮಾಡ್ತಾನೆ?

ನಮ್ಮೂರ ಹಾಕಿ ಗ್ರೌಂಡ್ ವರ್ಷಪೂರ್ತಿ ಇರಲ್ಲ. ಮಳೆಗಾಲದಲ್ಲಿ ಅದು ನೀರೊಳಗಿರುತ್ತೆ.

ಶೆಟ್ಟಿಹಳ್ಳಿ ಅಂದ್ರೆ ನಿಮ್ಮಲ್ಲಿ ಬಹಳ ಜನಕ್ಕೆ 'ಮುಳುಗೋ ಚರ್ಚ್' ಗೊತ್ತಿರುತ್ತೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಎತ್ತರದ ಜಾಗಕ್ಕೆ ಹೋಯ್ತು, ಚರ್ಚ್ ಮಾತ್ರ ಅಲ್ಲೇ ಉಳೀತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದರ ಸುತ್ತ ದೊಡ್ಡ ಬಯಲು ಎದ್ದು ಬರುತ್ತೆ. ಆಗ ಒಂದು ಕಡೆ ಪ್ರಿ-ವೆಡ್ಡಿಂಗ್ ಫೋಟೋ ತೆಗೆಸ್ಕೊಳ್ಳೋ ಜೋಡಿಗಳು, ಇನ್ನೊಂದು ಕಡೆ ನಮ್ಮ ಹಾಕಿ.

ಚಿಕ್ಕಂದಿನಿಂದ ಆ ಬಯಲಲ್ಲಿ ನಮ್ಮದೇ ಒಂದು ನಿಯಮ ಇದೆ. ಒಂದು ಗೋಲ್‌ನ ಹಿಂದೆ ಹಿನ್ನೀರು. ಚೆಂಡು ನೀರಿಗೆ ಬಿದ್ರೆ, ಗೋಲ್‌ಕೀಪರ್ ತರಲ್ಲ, ಡಿಫೆಂಡರ್ ತರಲ್ಲ. ಮೊದಲು ಯಾರು ಚೆಂಡು ಕಳ್ಕೊಂಡ್ರೋ ಅವರೇ ಇಳಿದು ತರಬೇಕು. ಮೊಣಕಾಲುದ್ದ ಕೆಸರು. ಹಾಗಾಗಿ ನಮ್ಮೂರ ಹುಡುಗರು ಚೆಂಡು ಹೋದ ತಕ್ಷಣ ಹಿಂದಕ್ಕೆ ಓಡ್ತಿದ್ದಿದ್ದು ಶಿಸ್ತಿನಿಂದ ಅಲ್ಲ, ಕೆಸರಿನ ಭಯದಿಂದ.

ಈಗ ನಮ್ಮ ಟೀಮಿನ ಅರ್ಧ ಜನ ಬೆಂಗಳೂರಲ್ಲಿದ್ದೀವಿ. ಬೇಸಿಗೆಯ ನಾಲ್ಕೈದು ಭಾನುವಾರ ಬಸ್ಸು ಹತ್ತಿ ಬಂದು ಆಡ್ತೀವಿ. ನಾನು ಲೆಫ್ಟ್ ಹಾಫ್. ಶಾಲೆಯಲ್ಲಿ ನಮಗೆ ಸ್ಟಿಕ್ ಹಿಡಿಯೋದು ಕಲಿಸಿದ ಪೀಟಿ ಮೇಷ್ಟ್ರೇ ಇವತ್ತಿಗೂ ಕೋಚ್. ಈ ಸಲ ಒಂದು ಟೂರ್ನಮೆಂಟಿಗೆ ಹೆಸರು ಕೊಟ್ಟಿದ್ದೀವಿ. ಮುಂದೆ ಎಡಗಡೆ ಆಡೋಕೆ ಒಳ್ಳೇ ಫಾರ್ವರ್ಡ್ ಬೇಕಿತ್ತು.

ಇದ್ದ ಫಾರ್ವರ್ಡ್ ನನ್ನ ಗೆಳೆಯ. ನಾಲ್ಕು ವರ್ಷದಿಂದ ನನ್ನ ಮುಂದೆ ಆಡ್ತಿದ್ದಾನೆ. ಗೋಲ್ ಹೊಡೆದಿದ್ದು ಕಡಿಮೆ. ಆದ್ರೆ ನಾನು ಸುಸ್ತಾದಾಗ ತಿರುಗಿ ನೋಡಿದ್ರೆ ಪಕ್ಕದಲ್ಲೇ ಇರ್ತಿದ್ದ.

ಹೊಸ ಹುಡುಗ ಬಂದಿದ್ದು ಸೋಮವಾರಪೇಟೆ ಕಡೆಯಿಂದ. ಹಾಸನದಲ್ಲಿ ಕೆಲಸ. ಆ ಊರಿನ ಹೆಸರು ಕೇಳಿದ್ರೆ ಹಾಕಿ ಆಡೋರಿಗೆ ಸುಮ್ನೆ ಒಂದು ಗೌರವ ಬರುತ್ತೆ. ಅಲ್ಲಿಯ ಎಸ್.ವಿ. ಸುನಿಲ್ ಚಿಕ್ಕಂದಿನಲ್ಲಿ ಬಿದಿರಿನ ಕೋಲಲ್ಲಿ ಆಡಿ ಕಲಿತವರು. 2007ರ ಏಷ್ಯಾ ಕಪ್‌ನಲ್ಲಿ ಭಾರತ ತಂಡಕ್ಕೆ ಬಂದ್ರು, 2016ರ ಏಷ್ಯಾದ ವರ್ಷದ ಆಟಗಾರ ಅನ್ನಿಸ್ಕೊಂಡ್ರು. ಇವನೂ ಅದೇ ನೆಲದವನು. ಪಕ್ಕದೂರಿನ ಟೀಮನ್ನ ಕರೆಸಿ, 15 ನಿಮಿಷದ ನಾಲ್ಕು ಕ್ವಾರ್ಟರ್ ಪೂರ್ತಿ ಆಡಿಸಿ ನೋಡೋಣ ಅಂದ್ರು ಮೇಷ್ಟ್ರು.

ಮೊದಲ ಕ್ವಾರ್ಟರ್‌ನಲ್ಲಿ ಆ ಹುಡುಗನ ಆಟ ನೋಡ್ಬೇಕಿತ್ತು ನೀವು. ಉಬ್ಬುತಗ್ಗಿನ ಆ ನೆಲದಲ್ಲೂ ಚೆಂಡು ಸ್ಟಿಕ್ಕಿಗೆ ಅಂಟಿಕೊಂಡಂಗಿತ್ತು. ಇಬ್ಬರನ್ನ ದಾಟಿ ಒಂದು ಗೋಲ್ ತಾನೇ ಹೊಡೆದ, ಇನ್ನೊಂದು ಹೊಡೆಸಿದ. 2-0. ಫೋಟೋ ತೆಗೆಸ್ಕೊಳ್ತಿದ್ದ ಮದುಮಗ ಕೂಡ ತಿರುಗಿ ನೋಡಿದ.

ಎರಡನೇ ಕ್ವಾರ್ಟರ್‌ನಲ್ಲಿ ನನ್ನ ಕಷ್ಟ ಶುರುವಾಯ್ತು. ಚೆಂಡು ಹೋದ್ರೆ ಅವನು ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡ್ತಿದ್ದ. ಅವನು ಬಿಟ್ಟ ಆಟಗಾರ ಆರಾಮಾಗಿ ಮೇಲೆ ಬರ್ತಿದ್ದ. ಅವರು ಇಬ್ಬರು, ನಾನೊಬ್ಬ. ಒಬ್ಬನ್ನ ಹಿಡಿದ್ರೆ ಇನ್ನೊಬ್ಬನಿಗೆ ಪಾಸ್. ನನ್ನ ಕಡೆಯಿಂದಲೇ ಎರಡು ಗೋಲ್ ಬಿದ್ವು. 2-2.

"ಅವನ ತಪ್ಪೊಂದೇ ಅಲ್ಲ ಕಣ್ರೋ" ಅಂದ್ರು ಮೇಷ್ಟ್ರು. "ಮೊದಲು ಆಫ್‌ಸೈಡ್ ಅಂತ ಇತ್ತು. 90ರ ದಶಕದ ಕೊನೇಲಿ ಅದನ್ನ ತೆಗೆದ್ರು. ಆಮೇಲೆ ಫಾರ್ವರ್ಡ್ ಎದುರಾಳಿ ಗೋಲ್ ಹತ್ರಾನೇ ಕಾಯ್ಕೊಂಡು ನಿಂತ್ರೂ ಯಾರೂ ಕೇಳಲ್ಲ. ರೂಲ್ ಕೇಳಲ್ಲ ಅಂದ್ಮೇಲೆ ಟೀಮೇ ಕೇಳ್ಬೇಕು."

ಕೇಳೋಕೆ ನಾನೇ ಹೋದೆ. ಸಿಟ್ಟಲ್ಲೇ ಹೋದೆ.

"ಯಾಕಪ್ಪಾ ಹಿಂದೆ ಬರಲ್ಲ ನೀನು?"

ಅವನು ನೀರು ಕುಡೀತಾ ನನ್ನ ಮುಖ ನೋಡಿದ. "ಬರ್ಬೇಕಾ ಅಣ್ಣ? ಎಲ್ಲಾ ಕಡೆ 'ನೀನು ಗೋಲ್ ಹೊಡಿ ಸಾಕು, ಹಿಂದೆ ನಾವು ನೋಡ್ಕೋತೀವಿ' ಅಂತಾನೇ ಹೇಳ್ತಿದ್ರು."

ಸೊಕ್ಕು ಅಂದ್ಕೊಂಡಿದ್ದೆ. ಸೊಕ್ಕಾಗಿರಲಿಲ್ಲ. ಅವನಿಗೆ ಅದನ್ನ ಯಾರೂ ಕಲಿಸಿರಲಿಲ್ಲ, ಅಷ್ಟೇ. ಒಂದು ಕೆಲಸ ಚೆನ್ನಾಗಿ ಬರುತ್ತೆ ಅಂತ ಗೊತ್ತಾದವನ ಹತ್ರ ಎಲ್ಲರೂ ಅದನ್ನೇ ಮಾಡಿಸ್ಕೊಳ್ತಾರೆ. ನಮ್ಮ ಆಫೀಸುಗಳಲ್ಲೂ ಇದೇ ಕಥೆ ತಾನೇ? ಪ್ರೆಸೆಂಟೇಷನ್ ಚೆನ್ನಾಗಿ ಮಾಡೋನಿಗೆ ಪ್ರೆಸೆಂಟೇಷನ್ ಮಾತ್ರ. ರಾತ್ರಿ ಹನ್ನೊಂದಕ್ಕೆ ಬರೋ ತೊಂದರೆ ಇನ್ಯಾರದ್ದೋ ತಲೆಗೆ.

ಮೇಷ್ಟ್ರು ಅವನಿಗೆ ಒಂದೇ ಒಂದು ವಿಷಯ ಹೇಳಿದ್ರು. "ಚೆಂಡು ಹೋದ ತಕ್ಷಣ ಐದು ಸೆಕೆಂಡ್ ಓಡು. ಕಿತ್ಕೊಳ್ಳೋಕೆ ಹೋಗ್ಬೇಡ. ಅವನು ಪಾಸ್ ಕೊಡೋ ದಾರೀಲಿ ಸ್ಟಿಕ್ ನೆಲಕ್ಕಿಟ್ಟು ನಿಂತ್ಕೋ. ಉಳಿದಿದ್ದು ಇವನು ನೋಡ್ಕೋತಾನೆ."

ಮೂರನೇ ಕ್ವಾರ್ಟರ್‌ನಲ್ಲಿ ಎರಡು ಸಲ ಬಂದ. ಮೂರನೇ ಸಲ ಮರೆತ. ಮರೆತಿದ್ದು ಗೊತ್ತಾಗಿ ದೂರದಿಂದಲೇ ಕೈ ಎತ್ತಿ "ಸಾರಿ ಅಣ್ಣಾ" ಅಂದ. ನನಗೆ ಉಸಿರಾಡೋಕೆ ಜಾಗ ಸಿಕ್ತು. ಗೋಲ್ ಬೀಳಲಿಲ್ಲ.

ಕೊನೇ ಕ್ವಾರ್ಟರ್‌ನಲ್ಲಿ ಅತಿಯಾಯ್ತು. ಚೆಂಡು ಕಳ್ಕೊಂಡವನು ಅರ್ಧ ಗ್ರೌಂಡ್ ಓಡಿ ಬಂದು, ನಮ್ಮ ಡಿ ಒಳಗೇ ಕಿತ್ಕೊಳ್ಳೋಕೆ ನೋಡಿ ಎದುರಾಳಿ ಸ್ಟಿಕ್ಕಿಗೆ ಹೊಡೆದ. ಪೆನಾಲ್ಟಿ ಕಾರ್ನರ್. ಗೋಲ್. 2-3ರಲ್ಲಿ ಸೋತ್ವಿ. ಹುಡುಗ ಮಾತಾಡದೆ ಬ್ಯಾಗ್ ತುಂಬೋಕೆ ಶುರು ಮಾಡಿದ.

ಟೀ ಕುಡೀತಾ ಮೇಷ್ಟ್ರು ನನ್ನನ್ನೇ ಕೇಳಿದ್ರು. "ಅವನ ಹಿಂದೆ ಆಡೋನು ನೀನು. ಹೇಳು."

ಬೇಡ ಅನ್ನೋದು ಸುಲಭ ಇತ್ತು. ಗೆಳೆಯನ ಜಾಗ ಉಳೀತಿತ್ತು, ನನ್ನ ಕಾಲೂ ಉಳೀತಿತ್ತು. ತಡೆಯೋ ಆಟದ ಬೆಲೆ ನನಗೆ ಗೊತ್ತಿಲ್ಲದ್ದೇನಲ್ಲ. 2021ರಲ್ಲಿ ಟೋಕಿಯೊದಲ್ಲಿ ಜರ್ಮನಿ ವಿರುದ್ಧ 5-4ರಲ್ಲಿ ಗೆದ್ದು, 41 ವರ್ಷದ ಮೇಲೆ ಹಾಕಿಯಲ್ಲಿ ಒಲಿಂಪಿಕ್ ಪದಕ ಬಂತಲ್ಲ, ಆ ಐದು ಗೋಲ್ ಯಾರ್ಯಾರು ಹೊಡೆದ್ರು ಅಂತ ಥಟ್ಟನೆ ಹೇಳಿ ನೋಡೋಣ? ಕೊನೇ ಕ್ಷಣದಲ್ಲಿ ಶ್ರೀಜೇಶ್ ತಡೆದಿದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಆದ್ರೂ "ತಗೊಳ್ಳೋಣ ಸಾರ್" ಅಂದೆ. ಯಾಕೆ ಅಂದ್ರೆ, ಅವನ ಕೊನೇ ತಪ್ಪು ಮೊದಲಿನ ತಪ್ಪಲ್ಲ. ಮೊದಲು ಬರ್ತಾನೇ ಇರಲಿಲ್ಲ, ಕೊನೆಗೆ ಬರಬೇಕಾದ್ದಕ್ಕಿಂತ ಜಾಸ್ತಿ ಬಂದ. ಒಂದು ಗಂಟೆಯಲ್ಲಿ ಇಷ್ಟು ಬದಲಾದವನಿಗೆ ಡಿ ಒಳಗೆ ತಾಳ್ಮೆ ಕಲಿಸೋದು ಕಷ್ಟ ಅಲ್ಲ. ಅವನ ಕೈಚಳಕ ನನಗೆ ಈ ಜನ್ಮದಲ್ಲಿ ಬರಲ್ಲ. ಹಿಂದೆ ಓಡೋದು ಅವನಿಗೆ ಒಂದು ತಿಂಗಳಲ್ಲಿ ಬರುತ್ತೆ. ಟ್ರಯಲ್ಸ್‌ನಲ್ಲಿ ಏನು ಬರುತ್ತೆ, ಏನು ಬರಲ್ಲ ಅಂತ ಪಟ್ಟಿ ಮಾಡಿದ್ರೆ ಸಾಲದು. ಹೇಳಿದ್ದು ಕಿವಿಗೆ ಬೀಳುತ್ತಾ ಅನ್ನೋದನ್ನೂ ನೋಡ್ಬೇಕು.

ಇನ್ನೊಂದು ಕೆಲಸ ಉಳಿದಿತ್ತು. ಗೆಳೆಯನಿಗೆ ಹೇಳೋದು. ಬೆಂಗಳೂರಿಗೆ ವಾಪಸ್ ಬರೋ ಬಸ್ಸಲ್ಲಿ, ಚನ್ನರಾಯಪಟ್ಟಣ ದಾಟಿದ ಮೇಲೆ ಹೇಳಿದೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದ್ರೂ ಆಟಗಾರರನ್ನ ಬದಲಾಯಿಸಬಹುದು, ನೀನು ಕ್ವಾರ್ಟರ್‌ಗೆ ಐದು ನಿಮಿಷನಾದ್ರೂ ಇಳೀತೀಯ, ಮುನ್ನಡೆ ಉಳಿಸ್ಕೊಳ್ಳೋಕೆ ನೀನೇ ಬೇಕು ಅಂತೆಲ್ಲ ಅಂದೆ. ಎಲ್ಲಾ ನಿಜವೇ. ಅವನು "ಹ್ಞೂಂ" ಅಂದು ಕಿಟಕಿ ಕಡೆ ತಿರುಗಿದ. ಯಶವಂತಪುರದಲ್ಲಿ ಇಳಿಯೋವರೆಗೂ ಮಾತಾಡಲಿಲ್ಲ.

ಭಾನುವಾರ ಮತ್ತೆ ಪ್ರಾಕ್ಟೀಸ್. ಹೊಸ ಹುಡುಗ ಬೆಳಗ್ಗೆ ಆರಕ್ಕೇ ಬರ್ತೀನಿ ಅಂತ ಹಾಕಿದ್ದಾನೆ. ಗೆಳೆಯನಿಗೂ ಮೆಸೇಜ್ ಕಳಿಸಿದ್ದೀನಿ, ಬಸ್ಸಲ್ಲಿ ಸೀಟ್ ಬುಕ್ ಮಾಡ್ಲಾ ಅಂತ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಕೇಳದೇ ಎರಡು ಸೀಟ್ ಬುಕ್ ಮಾಡಿದ್ದೀನಿ.