ಮಣಿಕಟ್ಟಿನ ಮೇಲಿನ ಅತ್ತರು

ಬಳ್ಳಾರಿಯಿಂದ ತಂದ, ಶ್ರೀಗಂಧದ ತೈಲದಲ್ಲಿ ಗುಲಾಬಿ, ಏಲಕ್ಕಿ, ಲವಂಗಗಳನ್ನು ಇಳಿಸಿದ ಅತ್ತರನ್ನು, ರೂಪನಗುಡಿಯ ಎರೆಹೊಲಗಳು ಬಿರಿದು ಬಾಯ್ದೆರೆದಿರುವ ವೈಶಾಖದ ಅಪರಾಹ್ನದಲ್ಲಿ ಮಣಿಕಟ್ಟಿಗೆ ಲೇಪಿಸಿಕೊಂಡು ಸುಮ್ಮನೆ ಕುಳಿತವನಿಗೆ, ಸುಗಂಧವು ಗಳಿಗೆಗಳಿಗೆಗೂ ವೇಷ ಬದಲಿಸುವ ಪರಿ ಗೋಚರವಾಗುತ್ತದೆ. ಮೊದಲು ಮೂಗಿಗೆರಗುವುದು ಏಲಕ್ಕಿಯ ಚುರುಕು. ಹಗುರವಾದ ಅಣುಗಳು ಮೈಯ ಕಾವಿಗೆ ಬೇಗನೆ ಆವಿಯಾಗುವುದರಿಂದ ಅದರ ಆಯುಸ್ಸು ಅಲ್ಪ, ನಮ್ಮೂರ ಬಿಸಿಲಿನಲ್ಲಂತೂ ಅಲ್ಪಾಲ್ಪ. ಅನಂತರ ಗುಲಾಬಿ ಅರಳುತ್ತದೆ, ಅದರ ಬೆನ್ನಿಗೇ ಲವಂಗದ ಕಾರ; ಲವಂಗಕ್ಕೆ ಆ ವಾಸನೆಯನ್ನು ಕೊಡುವ ಯೂಜೆನಾಲ್ ಗುಲಾಬಿಯ ತೈಲದಲ್ಲಿಯೂ ಅತ್ಯಲ್ಪವಾಗಿ ಇರುವುದರಿಂದ, ಹೂವು ಎಲ್ಲಿ ಮುಗಿದು ಸಂಬಾರ ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವುದು ದುಸ್ತರ. (ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವ ಹಿರಿಯರು ನನಗಿಂತ ಜಾಣರು, ಅವರ ಪರಿಮಳ ಸಂಜೆಯವರೆಗೂ ನಿಲ್ಲುತ್ತದೆ.) 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಇಲ್ಲಿಯ ಜನಕ್ಕೆ ಗುಲಾಬಿಯು ಅನ್ನದಷ್ಟೇ ಅವಶ್ಯಕವೆಂದು ಬರೆದಿರಿಸಿದನು, ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, 1025ರ ಸುಮಾರಿನಲ್ಲಿ, ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ಯೋಗಗಳನ್ನು ಕನ್ನಡದಲ್ಲಿಯೇ ನಿರೂಪಿಸಿದ್ದನು. ಆ ಯೋಗಗಳು ಯಾರ ಮೈಮೇಲೆ ಹೇಗೆ ನಡೆದುಕೊಂಡವೋ ತಿಳಿಯದು. ಒಬ್ಬೊಬ್ಬರ ಚರ್ಮದ ಜಿಡ್ಡು, ಬೆವರು, ಕಾವುಗಳು ಬೇರೆ ಬೇರೆಯಾದ್ದರಿಂದ ಅತ್ತರೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನನ್ನ ಮಣಿಕಟ್ಟಿನಲ್ಲಿ, ದೀಪ ಹಚ್ಚುವ ಹೊತ್ತಿಗೆ, ಲವಂಗವೂ ಸರಿದು, ಭಾರವಾದ ಗಂಧದೆಣ್ಣೆಯ ಹಾಲಿನಂಥ ಮೃದುಸೌರಭವೊಂದೇ ಉಳಿದಿತ್ತು.