ಟೈಗರ್ ಕಣ್ಣಿಗೆ ಕಂಡ ವಿಲನ್

ಗೆಳೆಯರೇ, ಈ ವಾರ ಗಾಸಿಪ್ಪಿಲ್ಲ, ಗಾಂಧಿನಗರದ ಸುದ್ದಿಯೂ ಇಲ್ಲ. ಒಂದು ತಪ್ಪೊಪ್ಪಿಗೆ ಇದೆ. ನಾಯಿಯ ವಿಷಯ. ಪುಟ ತಿರುವಬೇಡಿ, ಸಿನೆಮಾನೂ ಇದರಾಗೇ ಬರ್ತದ!

2022ರ ಜೂನ್ 10ರಂದು ‘777 ಚಾರ್ಲಿ’ ಬಿಡುಗಡೆಯಾಯಿತಲ್ಲ, ಆಗ ಕಲಬುರಗಿಯಲ್ಲಿ ನಾನು ಅದನ್ನು ಎರಡು ಸಲ ನೋಡಿದೆ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿಯ ಧರ್ಮ, ಆ ಲ್ಯಾಬ್ರಡಾರ್ ನಾಯಿಯ ಕಣ್ಣು… ಪಕ್ಕದ ಸೀಟಿನ ಆಟೋ ಡ್ರೈವರ್ ಅತ್ತ, ನಾನೂ ಅತ್ತೆ. ಹೊರಗೆ ಬಂದವನೇ ನಾಯಿಮರಿ ಹುಡುಕಲು ಹೊರಟೆ. ಪಿಯುಸಿ ಅರ್ಧಕ್ಕೇ ಬಿಟ್ಟವನಿಗೆ ಬೇರೆ ಕೆಲಸವಾದರೂ ಏನಿತ್ತು?

ಸೂಪರ್ ಮಾರ್ಕೆಟ್ ಹತ್ತಿರದ ಗೆಳೆಯನೊಬ್ಬ ಒಂದು ನಾಟಿ ಮರಿ ಕೊಟ್ಟ. ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಚೀಲದಲ್ಲಿಟ್ಟುಕೊಂಡು ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಕೆಂಪು ಬಾಳೆಹಣ್ಣಿನ ಕಮಲಾಪುರ! ಅಲ್ಲಿ ಅಕ್ಕನ ಮನೆ, ಮಾಮಾನ ಬಾಳೆ ತೋಟ. ಮರಿಗೆ ‘ಟೈಗರ್’ ಅಂತ ಹೆಸರಿಟ್ಟೆ.

ಮಾಮಾ ಮೊದಲ ದಿನವೇ ಹೇಳಿದರು: “ತಮ್ಮಾ, ಕಂಡಕಂಡವರ ಕೈಗೆ ಕೊಡಬ್ಯಾಡ. ಮಂದಿ ಸಲಿಗಿ ಆತಂದ್ರ ನಾಯಿ ಕಾವಲು ಮರೀತದ.”

ನನಗೂ ಅದೇ ಬೇಕಿತ್ತು. ತೋಟದ ಬೇವಿನ ಮರಕ್ಕೆ ಸರಪಳಿ ಬಿತ್ತು. ಟೈಗರ್ ನೋಡಿದ ಜಗತ್ತು ಎಂದರೆ ಮನೆಯ ನಾಲ್ಕು ಮಂದಿ, ಎರಡು ಎತ್ತು. ನಾನು ಹೋದಾಗಲೆಲ್ಲ ದಾರಿಯಲ್ಲಿ ಹೋಗುವವರನ್ನು ತೋರಿಸಿ “ಛೂ!” ಅನ್ನುತ್ತಿದ್ದೆ. ಅದು ಹಲ್ಲು ಕಿಸಿದರೆ ನಾನು ಸೀಟಿ ಹೊಡೆಯುತ್ತಿದ್ದೆ. ಹೀರೋ ನಾಯಿ ತಯಾರಾಗ್ತಿದೆ ಅಂತ ಖುಷಿಯೋ ಖುಷಿ!

ಮರುವರ್ಷ ಗೊನೆ ಕಡಿಯುವ ದಿನ. ಕೂಲಿಗೆ ಬಂದವನೊಬ್ಬನ ಮಗ, ಹತ್ತು ವರ್ಷದ ಹುಡುಗ, ಅಪ್ಪನಿಗೆ ಬುತ್ತಿ ತಂದ. ತಡವಾಗಿತ್ತೋ ಏನೋ, ಓಡುತ್ತ ಬಂದ. ಸರಪಳಿಯ ಕೊಂಡಿ ಕಿತ್ತುಹೋಯಿತು. ನಾನು ಕೂಗುವಷ್ಟರಲ್ಲಿ ಟೈಗರ್ ಅವನ ಮೀನಖಂಡ ಹಿಡಿದಿತ್ತು.

ಅಕ್ಕ ಪಂಪ್‌ಸೆಟ್ಟಿನ ನೀರಿಗೆ ಕಾಲು ಹಿಡಿಸಿ, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದಳು. ಅವಳ ಆ ಬುದ್ಧಿ ದೊಡ್ಡದು, ನಾನು ನಿಂತಲ್ಲೇ ನಡುಗುತ್ತಿದ್ದೆ. ದವಾಖಾನೆಯಲ್ಲಿ ಗಾಯದ ಸುತ್ತ ಸೀರಮ್, ತೋಳಿಗೆ ಲಸಿಕೆ. ಹುಡುಗ ಉಳಿದ. ಅವನಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಒಂದೇ ಮಾತು ಕೇಳಿದ:

“ನಿಮ್ಮ ನಾಯಿಗಿ ನನ್ನ ಮಗ ಕಳ್ಳನಂಗ ಕಂಡನೇನ್ರಿ?”

ಇವತ್ತಿಗೂ ಆ ಮಾತು ಎದೆಯಲ್ಲಿ ಚುಚ್ಚುತ್ತದೆ.

ಆಮೇಲೆ ಪಶುವೈದ್ಯರ ಹತ್ತಿರ ಹೋದೆ. “ಭಾಳ ಧೈರ್ಯದ ನಾಯಿ, ಡಾಕ್ಟ್ರೇ” ಅಂದೆ. ಅವರು ನಕ್ಕರು. “ಧೈರ್ಯ ಅಲ್ಲಪಾ, ಅಂಜಿಕಿ” ಅಂದರು. ಮರಿಗೆ ಮೂರು ವಾರದಿಂದ ಸುಮಾರು ಹನ್ನೆರಡು ವಾರದವರೆಗೆ ಒಂದು ಕಿಟಕಿ ತೆರೆದಿರುತ್ತದಂತೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ, 1965ರಲ್ಲಿ ಪುಸ್ತಕ ಬರೆದು ಇದನ್ನು ತೋರಿಸಿಕೊಟ್ಟರು. ಆ ದಿನಗಳಲ್ಲಿ ಕಂಡ ಮನುಷ್ಯರು, ಮಕ್ಕಳು, ಸದ್ದು, ಗಾಡಿ ಎಲ್ಲ ಅದಕ್ಕೆ ‘ನಮ್ಮವು’. ಕಾಣದ್ದೆಲ್ಲ ಅಪಾಯ. ನಮ್ಮ ಟೈಗರ್ ಓಡುವ ಹುಡುಗನನ್ನು ಹತ್ತಿರದಿಂದ ಕಂಡೇ ಇರಲಿಲ್ಲ. ಮೇಲಿಂದ ನನ್ನ “ಛೂ” ಬೇರೆ.

ಈಗ ಸಿನೆಮಾಕ್ಕೆ ಬನ್ನಿ. ‘ಗಂಧದ ಗುಡಿ’ ನಿರ್ದೇಶಿಸಿದ ವಿಜಯ್ ರೆಡ್ಡಿ 1985ರಲ್ಲಿ ಹಿಂದಿಯಲ್ಲಿ ‘ತೇರಿ ಮೆಹರ್‌ಬಾನಿಯಾಂ’ ತೆಗೆದರು. ಜಾಕಿ ಶ್ರಾಫ್ ಸತ್ತ ಮೇಲೆ ಅವನ ನಾಯಿ ಸೇಡು ತೀರಿಸಿಕೊಳ್ಳುವ ಕಥೆ. ವಿಲನ್ ಅಮರೀಶ್ ಪುರಿ. ನಾವು ಚಪ್ಪಾಳೆ ಹೊಡೆದು ನೋಡುವ ಚಿತ್ರ. ಆದರೆ ಒಂದು ನಿಮಿಷ ಯೋಚಿಸಿ. ನೂರು ಜನ, ಲೈಟು, ಕ್ಯಾಮರಾ, ಗದ್ದಲದ ನಡುವೆ ಹೊಸಬರಿಗೆಲ್ಲ ಕಚ್ಚುವ ನಾಯಿಯನ್ನು ಬಿಟ್ಟರೆ ಎರಡನೇ ಟೇಕ್ ಆಗ್ತದೇನ್ರಿ? ತೆರೆಯ ಮೇಲೆ ವಿಲನ್ ಮೇಲೆ ಹಾರುವ ನಾಯಿ ಸೆಟ್ಟಿನಲ್ಲಿ ಯಾರಿಗೂ ಹೆದರದ ನಾಯಿ. ಅದಕ್ಕೆ ಆ ಹಾರಾಟ ಒಂದು ಆಟ, ಕ್ಯಾಮರಾ ಹಿಂದಿನ ತರಬೇತುದಾರನ ಸನ್ನೆ. ನಾನು ನೋಡಿದ್ದು ಹಾರಾಟ ಮಾತ್ರ. ಆ ಸನ್ನೆಯ ಹಿಂದಿನ ದುಡಿಮೆ ನೋಡಲಿಲ್ಲ.

ಹಾಗಾದರೆ ಮಂದಿ ಸಲಿಗೆಯಾದರೆ ಕಾವಲು ಹೋಗ್ತದಾ? ಮಾಮಾನ ಪ್ರಶ್ನೆ ಇದೇ. ಉತ್ತರ ಅಕ್ಕನ ಅಂಗಳದಲ್ಲೇ ಇದೆ. ಹೋದ ವರ್ಷ ಇನ್ನೊಂದು ಮರಿ ತಂದಳು, ‘ಸೋನಿ’. ಲಸಿಕೆ ಪೂರ್ತಿಯಾಗುವ ತನಕ ನೆಲಕ್ಕೆ ಬಿಡದೆ, ಬುಟ್ಟಿಯಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಒಯ್ದಳು. ರುಮಾಲಿನ ಮುದುಕರು, ಬುರ್ಖಾದ ಹೆಣ್ಣುಮಕ್ಕಳು, ಕೊಡೆ, ಬೈಕು, ಶಾಲೆ ಬಿಟ್ಟ ಮಕ್ಕಳು… ಎಲ್ಲ ತೋರಿಸಿದಳು. ಹೆದರಿದರೆ ದೂರ ಒಯ್ಯುವಳು, ಸುಮ್ಮನಿದ್ದರೆ ರೊಟ್ಟಿ ಚೂರು ಕೊಡುವಳು. ಅಷ್ಟೇ. ಸೋನಿ ಈಗ ಹಗಲು ಬಂದವರ ಕಾಲು ಮೂಸಿ ಮಲಗ್ತದ, ರಾತ್ರಿ ಬೇಲಿ ಸಪ್ಪಳಾದರೆ ಊರೇ ಏಳುವಂಗ ಬೊಗಳ್ತದ! ಕಾವಲಿಗೆ ಬೊಗಳಿದರೆ ಸಾಕು ಅಂತ ಮಾಮಾ ಈಗ ತಾವೇ ಎಲ್ಲರಿಗೂ ಹೇಳುತ್ತಾರೆ.

ಟೈಗರ್? ಅದೂ ಇದೆ. ಬಿಟ್ಟುಬಿಡೋಣ ಅಂದರು, ನಾನು ಬೇಡ ಅಂದೆ. ಕೆಡಿಸಿದವನು ನಾನು, ಅದನ್ನು ಇನ್ನೊಬ್ಬರ ಓಣಿಗೆ ಬಿಡೋದು ಹ್ಯಾಂಗ? ಈಗ ಗಟ್ಟಿ ಬೇಲಿಯೊಳಗೆ ಇರುತ್ತದೆ. ವಾರಕ್ಕೊಮ್ಮೆ ಹೋಗಿ ದೂರದಲ್ಲಿ ಹೊಸಬರನ್ನು ನಿಲ್ಲಿಸಿ, ರೊಟ್ಟಿ ಕೊಟ್ಟು ರೂಢಿ ಮಾಡಿಸುತ್ತೇನೆ. ಇಪ್ಪತ್ತು ಹೆಜ್ಜೆ ದೂರ ಇದ್ದದ್ದು ಹತ್ತಕ್ಕೆ ಬಂದಿದೆ. ಇನ್ನೂ ಹತ್ತಿರ ಬರುತ್ತದೆಂಬ ಭರವಸೆ ಡಾಕ್ಟರೂ ಕೊಟ್ಟಿಲ್ಲ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ತೋಟದ ದಾರಿ ಅವನ ಮನೆಗೆ ಹತ್ತಿರ. ಆದರೂ ದಿನಾ ರೋಡು ಸುತ್ತಿ ಹೋಗ್ತಾನೆ.

ಮರಿ ತರೋರಿದ್ದರೆ ತನ್ನಿ ಗೆಳೆಯರೇ. “ಛೂ” ಮಾತ್ರ ಕಲಿಸಬೇಡಿ. ಮುಂದಿನ ವಾರ ಸಿಗೋಣ.