ಸಾಂಬಾರಿನಲ್ಲಿ ಎಷ್ಟು ಕುಟುಂಬ?



ಪಿ.ಯು.ಸಿ. ಫಲಿತಾಂಶ ಬಂತೆಂದರೆ ಸಾಕು, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಹುಡುಗಿ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರೋದೋ, ಅಥವಾ ಹಾಸ್ಟೆಲಿನಲ್ಲಿ ಇರೋದೋ? ಈ ಸಲ ಬಂಗಾರಪೇಟೆಯ ಸೋದರಿಯೊಬ್ಬರು ಇದನ್ನೇ ಕೇಳಿ ಪತ್ರ ಬರೆದಿದ್ದಾರೆ. ಮಗಳಿಗೆ ಬಿ.ಎಸ್ಸಿ. ಸೀಟು ಸಿಕ್ಕಿದೆ, ಹಾಸ್ಟೆಲಿನಲ್ಲೂ ಜಾಗ ಇದೆ. ಯಜಮಾನರು ಹೂಂ ಅಂದಿದ್ದಾರೆ. ಅತ್ತೆಯವರದು ಮಾತ್ರ ಒಂದೇ ಪ್ರಶ್ನೆಯಂತೆ: "ಮನೇಲಿ ಕಲಿಸದೇ ಇರೋದನ್ನ ಆ ಹಾಸ್ಟೆಲಿನಲ್ಲಿ ಏನು ಕಲಿಸ್ತಾರೆ?"

ಹಿರಿಯರು ಕೇಳಿದ್ದು ಅಂತ ನಕ್ಕು ಸುಮ್ಮನಾಗುವ ಪ್ರಶ್ನೆಯಲ್ಲ ಇದು. ನ್ಯಾಯವಾದ ಪ್ರಶ್ನೆಯೇ. ಶಿಸ್ತು, ಅಚ್ಚುಕಟ್ಟು, ಹಿರಿಯರಿಗೆ ಮರ್ಯಾದೆ, ಇವೆಲ್ಲ ಮನೆಯಲ್ಲೇ ಕಲಿಯಬಹುದು. ಹಾಗಾದರೆ ಉಳಿದದ್ದೇನು? ಉರಿಗಾಂನಲ್ಲಿ ಹುಟ್ಟಿ ಬೆಳೆದು, ಎಪ್ಪತ್ತರ ದಶಕದ ಕೊನೆಗೆ ಮೂರು ವರ್ಷ ಬೆಂಗಳೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಕಳೆದವಳು ನಾನು. ಆದ್ದರಿಂದ ಉತ್ತರ ಹೇಳುವ ಸ್ವಲ್ಪ ಹಕ್ಕು ನನಗೂ ಇದೆ ಅಂದುಕೊಳ್ಳುತ್ತೇನೆ.

ನಮ್ಮ ಹಾಸ್ಟೆಲ್ ಅಂದರೆ ದೊಡ್ಡ ಅರಮನೆ ಏನಲ್ಲ. ಒಂದು ಕೋಣೆಗೆ ನಾಲ್ಕು ಮಂಚ, ನಾಲ್ಕು ಟ್ರಂಕು. ಬೆಳಿಗ್ಗೆ ಹಂಡೆಯ ಮುಂದೆ ಬಕೆಟ್ಟುಗಳ ಸಾಲು. ತಡವಾಗಿ ಎದ್ದವಳಿಗೆ ತಣ್ಣೀರೇ ಗತಿ. ರಾತ್ರಿ ಏನಾದರೂ ಸದ್ದಾದರೆ ನಾನು ಥಟ್ಟನೆ ಎದ್ದು ಕೂರುತ್ತಿದ್ದೆ. ಗಣಿ ಊರಿನಲ್ಲಿ ಬೆಳೆದವರಿಗೆ ಅದು ಅಭ್ಯಾಸ. ಭೂಮಿಯೊಳಗೆ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ಶೆಲ್ಫಿನ ಪಾತ್ರೆಗಳು ಗಲಗಲ ಅನ್ನುತ್ತಿದ್ದವು, ಕೆಳಗೆ ಶಿಫ್ಟಿನಲ್ಲಿ ಯಾರ ಮನೆಯವರು ಇದ್ದಾರೋ ಅಂತ ಬೀದಿಯೆಲ್ಲ ಎದೆ ಹಿಡಿದುಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ಬರೀ ಲಾರಿ ಹೋದದ್ದು ಅಂತ ಗೊತ್ತಾದ ಮೇಲೆ ಮತ್ತೆ ನಿದ್ದೆ ಬರುವುದಕ್ಕೆ ಒಂದು ಗಂಟೆ ಹಿಡಿಯೋದು.

ಊಟದ ಮನೆಯದೇ ಒಂದು ಕುರುಕ್ಷೇತ್ರ. ಧಾರವಾಡದ ಕಡೆಯವಳಿಗೆ ಜೋಳದ ರೊಟ್ಟಿ ಇಲ್ಲದೆ ಹೊಟ್ಟೆ ತುಂಬದು. ಮಂಗಳೂರಿನವಳಿಗೆ ಕುಚ್ಚಲಕ್ಕಿ ಬೇಕು. ನಮ್ಮ ಕೋಲಾರ ಸೀಮೆಯವರಿಗೆ ಮುದ್ದೆಯ ನೆನಪಾದರೆ ಕಣ್ಣಲ್ಲಿ ನೀರು. ಭಟ್ಟರು ಮಾತ್ರ ಮೂವರಿಗೂ ಅದೇ ಬಿಳಿ ಅನ್ನ ಬಡಿಸಿ ಹೋಗುತ್ತಿದ್ದರು. ಯಾರ ಊಟ ದೊಡ್ಡದು ಅಂತ ದಿನಾ ಜಗಳ.

ಈ ಜಗಳದ ಮಧ್ಯಕ್ಕೆ ಒಂದು ದಿನ ಬಂದರು ನಮ್ಮ ವಾರ್ಡನ್. ಅವರು ನಮಗೆ ಸಸ್ಯಶಾಸ್ತ್ರದ ಮೇಡಂ ಕೂಡ ಹೌದು. ಅವರಿಗೆ ಹುಡುಗಿಯರೆಲ್ಲ ಬೆನ್ನ ಹಿಂದೆ ಇಟ್ಟ ಹೆಸರು 'ಸೊಪ್ಪಿನಮ್ಮ'. ಸೆರಗಿನ ಗಂಟಿನಲ್ಲಿ ಯಾವಾಗಲೂ ಏನಾದರೊಂದು ಎಲೆ. ಮಾರ್ಕೆಟ್ಟಿಗೆ ಹೋದರೆ ತರಕಾರಿಗಿಂತ ಹೆಚ್ಚಾಗಿ ತರಕಾರಿಯ ಹೂವು ಹುಡುಕುವರು. ಅಂದು ಮೂವರ ವಾದವನ್ನೂ ಕೇಳಿ, "ಏನ್ರೇ, ಅಕ್ಕಿ, ಜೋಳ, ರಾಗಿ ಮೂರೂ ಹುಲ್ಲಿನ ಜಾತಿ. ಗೋಧಿ, ಕಬ್ಬು, ಬಿದಿರು ಕೂಡ ಅದೇ ಮನೇದು. ಒಂದೇ ಮನೆಯ ಅಕ್ಕತಂಗಿಯರಿಗೋಸ್ಕರ ನೀವು ಬಡಿದಾಡ್ತಾ ಇದ್ದೀರಲ್ಲ!" ಅಂದರು. ಜಗಳ ಅಲ್ಲಿಗೇ ನಿಂತಿತು ಅಂತಲ್ಲ. ಆದರೆ ಆಮೇಲೆ ಜಗಳ ಆಡುವಾಗ ನಗು ಬರೋದು.

ಆಮೇಲೆ ಮೇಡಂ ಒಂದು ಪದ್ಧತಿಯನ್ನೇ ಶುರುಮಾಡಿದರು. ಭಾನುವಾರದ ಊಟಕ್ಕೆ ಕೂತಾಗ ಪ್ರಶ್ನೆ: "ಇವತ್ತಿನ ಸಾಂಬಾರಿನಲ್ಲಿ ಎಷ್ಟು ಕುಟುಂಬ?" ಮೊದಲ ದಿನ ನಾವು ಸಾಮಾನು ಎಣಿಸಿ 13 ಅಂದೆವು. ಅವರು 6 ಅಂದರು. ನೀವೂ ಲೆಕ್ಕ ಹಾಕಿ ನೋಡಿ. ಬದನೆಕಾಯಿ, ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ನಾಲ್ಕೂ ಒಂದೇ ಕುಟುಂಬ. ತೊಗರಿಬೇಳೆ, ಹುಣಸೆಹಣ್ಣು, ಮೆಂತ್ಯ ಒಂದು ಕುಟುಂಬ. ಕೊತ್ತಂಬರಿ, ಜೀರಿಗೆ, ಇಂಗು ಇನ್ನೊಂದು. ಸಾಸಿವೆ ಎಲೆಕೋಸು, ಮೂಲಂಗಿಯ ನೆಂಟ. ಅರಿಶಿನ ಶುಂಠಿ, ಏಲಕ್ಕಿಯ ಮನೆಯದು. ಕರಿಬೇವು ಯಾರ ಕಡೆಯದು ಗೊತ್ತೇ? ನಿಂಬೆಹಣ್ಣಿನ ಕಡೆಯದು! ಎಲೆ ಕಿವುಚಿ ಮೂಸಿ ನೋಡಿದರೆ ನಂಬಿಕೆ ಬರುತ್ತದೆ. ಹುಟ್ಟಿದಾಗಿನಿಂದ ದಿನಾ ಉಂಡ ಸಾಂಬಾರಿನಲ್ಲಿ ಇಷ್ಟೊಂದು ನೆಂಟಸ್ತಿಕೆ ಇದೆ ಅಂತ ನಮಗೆ ಯಾರು ಹೇಳಿದ್ದರು?

ಅವರೇ ನಮಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿಸಿದರು. ಡಿ.ವಿ.ಜಿ.ಯವರ ಮಗ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆಯನ್ನು ನಗುನಗುತ್ತಾ ಹೇಳುವ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾರ್ವರ್ಡಿನಲ್ಲಿ ತಮಗೆ ಗುರುವಾಗಿದ್ದ ಇರ್ವಿಂಗ್ ಬೈಲಿಯವರ ಹೆಸರನ್ನು ಈ ಸ್ವಾಮಿ ಒಂದು ಗಿಡಕ್ಕೇ ಇಟ್ಟರು. ಗುರುವಿಗೆ ಹಣ್ಣು, ತಾಂಬೂಲ ಕೊಡುವವರು ನಾವು. ಇವರು ಕೊಟ್ಟದ್ದು ಎಂದೂ ಬಾಡದ ಕಾಣಿಕೆ, ಅಲ್ಲವೇ?

ಇನ್ನು ನಮ್ಮ ಚರಿತ್ರೆ ಮೇಷ್ಟ್ರು. ಅವರು ಹುಡುಗಿಯರ ಹೆಸರು ಹಿಡಿದು ಹಾಜರಿ ಕರೆದವರೇ ಅಲ್ಲ, ಊರು ಹಿಡಿದು ಕರೆಯುವರು. "ಗದಗ?" "ಪ್ರೆಸೆಂಟ್ ಸಾರ್." "ತೀರ್ಥಹಳ್ಳಿ?" "ಪ್ರೆಸೆಂಟ್ ಸಾರ್." "ಉರಿಗಾಂ?" ಅಂದಾಗ ಮಾತ್ರ ಕ್ಲಾಸಿಗೆ ಕ್ಲಾಸೇ ಕಿಸಿಕಿಸಿ. ಯಾಕೆಂದರೆ ನನ್ನ ಕನ್ನಡ. ನಮ್ಮ ಬೀದಿಯಲ್ಲಿ ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಲ್ಲ ಸೇರಿ ಅರೆದ ಭಾಷೆ ನಮ್ಮದು. ನಾನು ಬಾಯಿ ತೆರೆದರೆ ಸಾಕು, ಪಕ್ಕದವರು ಸೆರಗು ಬಾಯಿಗಿಟ್ಟುಕೊಳ್ಳುವರು. ಮೊದಲ ತಿಂಗಳಲ್ಲೇ ಟ್ರಂಕು ಕಟ್ಟಿ ಊರಿಗೆ ಹೊರಡುವ ಯೋಚನೆ ಮಾಡಿದ್ದೆ.

ಮೇಷ್ಟ್ರಿಗೆ ಇನ್ನೊಂದು ಹುಚ್ಚು ಇತ್ತು. ಪ್ರತಿ ಶುಕ್ರವಾರ ಒಬ್ಬಳು ಎದ್ದು ನಿಂತು ತನ್ನ ಊರಿನ ಚರಿತ್ರೆ ಹೇಳಬೇಕು. ನನ್ನ ಸರದಿ ಬಂದಾಗ, "ನಮ್ಮೂರಲ್ಲಿ ದೇವಸ್ಥಾನ, ಕೋಟೆ ಏನೂ ಇಲ್ಲ ಸಾರ್, ಗಣಿಯ ಸೈರನ್ ಒಂದೇ" ಅಂದೆ. ಅವರು ಕನ್ನಡಕ ಹಣೆಗೇರಿಸಿ, "ಏನಮ್ಮಾ, 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಯಾರ ಊರಿಗೆ? ಬೆಂಗಳೂರಿಗೆ ದೀಪ ಬಂದದ್ದು 1905ಕ್ಕೆ. ಇವರೆಲ್ಲ ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಾ ಇದ್ದಾಗ ನಿಮ್ಮೂರಲ್ಲಿ ಬಲ್ಬು ಉರೀತಿತ್ತು" ಅಂದರು. ಆಮೇಲೆ ಬಂಗಾರಪೇಟೆಯ ಕಥೆ. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಅದು ಬೌರಿಂಗ್‌ಪೇಟೆ ಆಗಿತ್ತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದ ದಾರಿಯೂ ಅದೇ. "ಬೆಂಗಳೂರಿಗೆ ರೈಲು ಬಂದದ್ದು ನಿಮ್ಮ ಬಾಗಿಲು ದಾಟಿಕೊಂಡು ಕಣಮ್ಮಾ!"

ಆವತ್ತಿನಿಂದ "ಉರಿಗಾಂ?" ಅಂದರೆ ಯಾರೂ ನಗಲಿಲ್ಲ. ನಾನೂ ಟ್ರಂಕು ಕಟ್ಟಲಿಲ್ಲ. ಊರು ಹಿಡಿದು ಕರೆಯುವ ಆ ಮೇಷ್ಟ್ರನ್ನು 'ತಲೆ ಸರಿಯಿಲ್ಲ' ಅಂತ ಸ್ಟಾಫ್ ರೂಮಿನಲ್ಲೇ ಕೆಲವರು ಅನ್ನುತ್ತಿದ್ದರಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಬಿ.ಎ. ಉಳಿದದ್ದು ಆ ಸರಿಯಿಲ್ಲದ ತಲೆಯಿಂದಲೇ.

ಇಂಥ 'ಹುಚ್ಚು' ಮೇಷ್ಟ್ರುಗಳು ನಮ್ಮ ಸೀಮೆಗೆ ಹೊಸಬರಲ್ಲ. ಹೆಚ್. ನರಸಿಂಹಯ್ಯನವರನ್ನು ನೋಡಿ. 1920ರಲ್ಲಿ ಅವರು ಹುಟ್ಟಿದ ಗೌರಿಬಿದನೂರು ತಾಲ್ಲೂಕಿನ ಹೊಸೂರು ಆಗ ಕೋಲಾರ ಜಿಲ್ಲೆಯದೇ. ಬಡತನ. ಓದಬೇಕು ಅಂತ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದ ಹುಡುಗ. ಮುಂದೆ ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಮದುವೆಯಿಲ್ಲ, ಮನೆಯಿಲ್ಲ. ಖಾದಿ ಬಟ್ಟೆ, ತಲೆಗೊಂದು ಬಿಳಿ ಟೋಪಿ. ಬದುಕಿನ ಬಹುಕಾಲ ಕಳೆದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಓದು ಮುಗಿದೊಡನೆ ಹಾಸ್ಟೆಲ್ ಬಿಟ್ಟರೆ ಸಾಕು ಅನ್ನುವವರು ನಾವು. ಆ ಹಾಸ್ಟೆಲ್ಲನ್ನೇ ಮನೆ ಮಾಡಿಕೊಂಡವರು ಅವರು. 2005ರಲ್ಲಿ ತೀರಿಕೊಂಡಾಗ ಅವರ ಮಕ್ಕಳು ಎಷ್ಟು ಜನ ಅಂತ ಎಣಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಗಣಿಯೊಳಗೇ ಇಂಥವರು ಇಳಿದಿದ್ದರು. 1951ರಲ್ಲಿ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಿಂದ ಹೋಮಿ ಭಾಭಾ ಅವರ ಸಲಹೆಯಂತೆ ಒಬ್ಬ ತರುಣ ಸಂಶೋಧಕ ಉಪಕರಣಗಳನ್ನು ಹೊತ್ತು ಕೆ.ಜಿ.ಎಫ್.ಗೆ ಬಂದರು. ಅವರೇ ನಮ್ಮ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್. ಎಲ್ಲರೂ ಚಿನ್ನಕ್ಕೆ ಇಳಿದರೆ ಇವರು ಇಳಿದದ್ದು ಕಣ್ಣಿಗೇ ಕಾಣದ ಕಣಗಳಿಗೆ. ಆಕಾಶದಿಂದ ವಿಶ್ವಕಿರಣಗಳು ಮಳೆಯ ಹಾಗೆ ಸದಾ ಸುರಿಯುತ್ತಿರುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಸುಳಿವು ಹಿಡಿಯಲಾಗದು. ಮೇಲೆ ಎರಡು ಕಿಲೋಮೀಟರಿನಷ್ಟು ಬಂಡೆ ಹೊದ್ದುಕೊಂಡರೆ ಉಳಿದೆಲ್ಲವೂ ತಡೆದು ನಿಲ್ಲುತ್ತವೆ, ಬಂಡೆಯನ್ನೂ ನಮ್ಮನ್ನೂ ಹಾಯ್ದು ಹೋಗುವ ನ್ಯೂಟ್ರಿನೊ ಮಾತ್ರ ಅಲ್ಲಿಗೆ ಧಾರಾಳವಾಗಿ ಬರುತ್ತದೆ. ಹಾಗೆ ಕಾದು ಕೂತು, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಗುರುತನ್ನು ಜಗತ್ತಿನಲ್ಲೇ ಮೊದಲು ಕಂಡವರಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯ ಈ ತಂಡ ಸೇರಿತು. ಜಪಾನಿನ ಒಸಾಕಾದವರೂ ಇಂಗ್ಲೆಂಡಿನ ಡರ್ಹಾಮಿನವರೂ ಜೊತೆಗಿದ್ದರು. ಶ್ರೀಕಂಠನ್ ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ತೆಗೆದ ಚಿನ್ನ ಯಾರ ಯಾರ ಮೈಮೇಲೋ ಇದೆ. ಈ ಮೇಷ್ಟ್ರುಗಳು ತೆಗೆದದ್ದು ಪುಸ್ತಕದಲ್ಲಿ ಉಳಿದಿದೆ.

ಈಗ ಬಂಗಾರಪೇಟೆಯ ಅತ್ತೆಯವರ ಪ್ರಶ್ನೆಗೆ ಬರೋಣ. ಮನೆಯಲ್ಲಿ ಮಗುವನ್ನು ಪ್ರೀತಿಸುವವರು ಇರುತ್ತಾರೆ. ಆದರೆ ಒಂದು ವಿಷಯವನ್ನು ಪ್ರೀತಿಸುವವರು, ಅದಕ್ಕಾಗಿ ಊಟ ಮರೆಯುವವರು, ಜನ ನಕ್ಕರೂ ಲೆಕ್ಕಿಸದವರು, ಎಲ್ಲ ಮನೆಗಳಲ್ಲೂ ಸಿಗುವುದಿಲ್ಲ. ಅಂಥವರನ್ನು ಹತ್ತಿರದಿಂದ ನೋಡಿದ ಹುಡುಗಿಗೆ, ತಾನೂ ಏನನ್ನಾದರೂ ಹಾಗೆ ಪ್ರೀತಿಸಬಹುದು ಅನ್ನುವ ಧೈರ್ಯ ಬರುತ್ತದೆ. ಹಾಸ್ಟೆಲಿನಲ್ಲಿ ಸಿಗುವುದು ಇದೇ ನೋಡಿ.

ರೈಲು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಾರಿಕುಪ್ಪಂ ಗಾಡಿಯಲ್ಲಿ ಓಡಾಡಿ ಓದಿ ಮುಂದೆ ಬಂದವರು ನಮ್ಮ ಕಡೆ ಎಷ್ಟೋ ಜನ. ಆದರೆ ಹೋಗೋದಕ್ಕೆ ಎರಡು ಗಂಟೆ, ಬರೋದಕ್ಕೆ ಎರಡು ಗಂಟೆ. ಕೊನೆಯ ಪೀರಿಯಡ್ಡಿನಲ್ಲಿ ಹುಡುಗಿಯ ಕಣ್ಣು ಗಡಿಯಾರದ ಮೇಲೆ. ಮೇಷ್ಟ್ರುಗಳ ನಿಜವಾದ ಪಾಠ ಶುರುವಾಗುವುದೇ ಗಂಟೆ ಹೊಡೆದ ಮೇಲೆ!

ಕಳಿಸುವ ಮುಂಚೆ ತಾಯಂದಿರು ಒಮ್ಮೆ ಹೋಗಿ ನೋಡಿ ಬನ್ನಿ. ಗೋಡೆಯ ಬಣ್ಣ ನೋಡಬೇಡಿ. ಬಚ್ಚಲುಮನೆಯ ಚಿಲಕ ಸರಿಯಿದೆಯೇ, ಕುಡಿಯುವ ನೀರು ಎಲ್ಲಿಯದು, ಓದುವ ದೀಪ ಇದೆಯೇ, ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರೆಯೇ ನೋಡಿ. ಹಳೆಯ ಹುಡುಗಿಯರನ್ನು ಒಂಟಿಯಾಗಿ ಮಾತಾಡಿಸಿ. ಖರ್ಚಿನ ಯೋಚನೆ ಇದ್ದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ಹುಡುಗಿಯರಿಗಾಗಿ ನಡೆಸುವ ವಿದ್ಯಾರ್ಥಿನಿಲಯಗಳಿವೆ. ಅರ್ಜಿಯ ಕೊನೆಯ ದಿನ ಕಾಯದೆ ಮೊದಲೇ ವಿಚಾರಿಸಿ.

ಟ್ರಂಕಿಗೆ ಒಂದು ಡಬ್ಬಿ ಕಡಲೆಕಾಯಿ ಪುಡಿ ಮರೆಯಬೇಡಿ. 2 ಲೋಟ ಕಡಲೆಕಾಯಿ ಬೀಜ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. 15 ಬ್ಯಾಡಗಿ ಮೆಣಸಿನಕಾಯಿ, 2 ಹಿಡಿ ಕರಿಬೇವು ಗರಿಗರಿಯಾಗುವಂತೆ ಹುರಿದು, ಅರ್ಧ ಲೋಟ ಹುರಿಗಡಲೆ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಬೆಚ್ಚಗೆ ಮಾಡಿ, ಇಂಗು, ಉಪ್ಪು ಸೇರಿಸಿ ನುಣ್ಣಗೆ ಪುಡಿ ಮಾಡಿ. ಕಡಲೆಕಾಯಿಯನ್ನು ಕೊನೆಗೆ ಹಾಕಿ ಎರಡೇ ಸುತ್ತು ತಿರುಗಿಸಿ, ಹೆಚ್ಚಾದರೆ ಎಣ್ಣೆ ಬಿಟ್ಟು ಮುದ್ದೆಯಾದೀತು. ಕೊಬ್ಬರಿ ಬೇಡ, ಬೇಗ ಕಮಟು ವಾಸನೆ ಬರುತ್ತದೆ. ಕೋಣೆಯ ನಾಲ್ವರಿಗೂ ಸಾಕಾಗುವಷ್ಟು ಕಟ್ಟಿ ಕೊಡಿ. ಒಬ್ಬಳಿಗೆ ಮಾತ್ರ ಕಟ್ಟಿದ ಡಬ್ಬಿ ಹಾಸ್ಟೆಲಿನಲ್ಲಿ ಎರಡು ದಿನ ಉಳಿಯುವುದಿಲ್ಲ!

ದಸರಾ ರಜಕ್ಕೆ ಮಗಳು ಬಂದಾಗ, ಅತ್ತೆಯವರ ಎದುರಿಗೇ ಕೇಳಿ: "ಈ ಪುಡಿಯಲ್ಲಿ ಎಷ್ಟು ಕುಟುಂಬ ಹೇಳು?" ಸರಿಯುತ್ತರ ನಾಲ್ಕು. ಉಪ್ಪು ಯಾವ ಕುಟುಂಬಕ್ಕೂ ಸೇರಿದ್ದಲ್ಲ, ಆದರೆ ಎಲ್ಲ ಕುಟುಂಬಕ್ಕೂ ಬೇಕು.